ಆ ತಾಯಿಯ ಮೇಲ್‌ನಲ್ಲಿ ಏನೂ ಇರಲಿಲ್ಲ

ಬುಧವಾರ, ಮಾರ್ಚ್ ೧೧

ಇವಳೇ,

ಹೀಗೆ ಕರೆಯುವ ಹಕ್ಕು ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಕರೆದು ಅಭ್ಯಾಸವಿಲ್ಲ. ಫೋನಿನಲ್ಲೇ ಹೇಳೋಣವೆಂದು ನಾಲ್ಕು ಸಲ ನಿನ್ನ ಅಕ್ಕನ ಮನೆಗೆ ಮಾಡಿದೆ. ನಾಲ್ಕು ಸಲವೂ ಅಡುಗೆಮನೆಯ ನಲ್ಲಿ ಸೋರುವ ಮಾತಾಡಿ ಇಟ್ಟುಬಿಟ್ಟೆ.

ನವೆಂಬರಿನಲ್ಲಿ ನಿನ್ನ ಕಂಪ್ಯೂಟರ್ ಹಾಳಾದದ್ದು ನಿಮ್ಮ ಕೇಂದ್ರದ ಪುಟ್ಟ ಹುಡುಗಿ ಗುಬ್ಬಚ್ಚಿಯ ತಾಯಿ ಕಳಿಸಿದ ಮೇಲ್‌ನಿಂದಲ್ಲ. ಹಾಳು ಮಾಡಿದವನು ನಾನು.

ಆಗ ನೀನು ಟೈಪ್ ಮಾಡುತ್ತಾ ನಿನ್ನಷ್ಟಕ್ಕೇ ನಗುತ್ತಿದ್ದೆ. ನಾನು ಬಂದರೆ ಪರದೆ ಮುಚ್ಚುತ್ತಿದ್ದೆ. ಕೇಂದ್ರದ ಮಕ್ಕಳ ವಿಷಯ ಗುಟ್ಟಾಗಿರಬೇಕು ಎನ್ನುತ್ತಿದ್ದೆ. ನನಗೆ ಸಂಶಯದ ರೋಗ ಹಿಡಿಯಿತು. ನೀನು ಸ್ನಾನಕ್ಕೆ ಹೋದಾಗ, ಟೈಪ್ ಮಾಡಿದ್ದನ್ನೆಲ್ಲ ಕದ್ದು ನನಗೆ ಕಳಿಸುವ ಸ್ಪೈವೇರ್ ಒಂದನ್ನು ಅದರೊಳಗೆ ಹಾಕಿದೆ. ಹೆಸರೇ ಕೇಳದ ಜಾಲತಾಣವೊಂದರಲ್ಲಿ ಪುಕ್ಕಟೆ ಸಿಕ್ಕಿದ್ದು. ಆಂಟಿವೈರಸ್ ತಡೆಯಿತು, ಆಂಟಿವೈರಸ್ಸನ್ನೇ ನಿಲ್ಲಿಸಿದೆ.

ಕಂಪ್ಯೂಟರ್ ರಿಪೇರಿಗೆಂದು ನನ್ನಲ್ಲಿಗೆ ಬಂದವರಿಗೆಲ್ಲ ನಾನು ಕೊಡುತ್ತಿದ್ದ ಉಪದೇಶ ನಿನಗೆ ಬಾಯಿಪಾಠ. ವೈರಸ್ ಕಡತಕ್ಕೆ ಅಂಟಿಕೊಂಡು ಕೂರುತ್ತದೆ, ಕಡತ ತೆರೆದರೆ ಹರಡುತ್ತದೆ. ವರ್ಮ್‌ಗೆ ಯಾರೂ ಏನೂ ತೆರೆಯಬೇಕಿಲ್ಲ, ಜಾಲದಲ್ಲಿ ತಾನೇ ತೆವಳುತ್ತದೆ. ಟ್ರೋಜನ್ ಉಪಕಾರಿಯ ವೇಷ ಹಾಕಿ ನಮ್ಮ ಕೈಯಿಂದಲೇ ಬಾಗಿಲು ತೆಗೆಸುತ್ತದೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ನಾನು ಹಾಕಿದ್ದೇ ಟ್ರೋಜನ್. ಮೂರನೆಯ ದಿನ ಅದು ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರನ್ನು ಒಳಗೆ ಕರೆತಂದಿತು. ಮಾತು ಬಾರದ ಮಕ್ಕಳಿಗೆ ಮಾತು ಕಲಿಸುತ್ತಾ ಆರು ವರ್ಷ ನೀನು ಧ್ವನಿಮುದ್ರಿಸಿದ ಅವರ ಮೊದಲ ಪದಗಳಿಗೆಲ್ಲ ಬೀಗ ಬಿತ್ತು. ಹೊರಗಿನ ಡಿಸ್ಕಿನಲ್ಲಿದ್ದ ಪ್ರತಿಯೂ ಹೋಯಿತು. ಪ್ರತಿ ಮಾಡಿದ ಮೇಲೆ ಡಿಸ್ಕ್ ಕಳಚಿಡಿ ಎಂದು ಊರಿಗೆಲ್ಲ ಹೇಳುವ ನಾನೇ ಅದನ್ನು ಸಿಕ್ಕಿಸಿ ಬಿಟ್ಟಿದ್ದೆ.

ಆಮೇಲೆ ಪರೀಕ್ಷಿಸುವ ನಾಟಕವಾಡಿದೆ. ನೀನು ಪಕ್ಕದಲ್ಲೇ ಕೂತು, “ಎಲ್ಲಿಂದ ಬಂತು ರೀ ಇದು?” ಅಂದೆ. ಗುಬ್ಬಚ್ಚಿಯ ತಾಯಿ ಮಗಳ ಅಭ್ಯಾಸದ ಹಾಳೆ ಕಳಿಸಿದ್ದ ಮೇಲ್ ಇನ್‌ಬಾಕ್ಸಿನಲ್ಲಿ ಎಲ್ಲಕ್ಕಿಂತ ಮೇಲಿತ್ತು. “ಇದೇ ಇರಬೇಕು” ಅಂದೆ ನಾನು. ಎರಡೇ ಪದ.

ನೀನು ಅವರನ್ನು ಬೈಯಲಿಲ್ಲ. ಆದರೆ ನಿಮ್ಮ ಕೇಂದ್ರದ ಇತರ ಪೋಷಕರು ಬಿಡುತ್ತಾರೆಯೇ? ಒಂದೇ ವಾರದಲ್ಲಿ ಆಕೆ ಮಗಳನ್ನು ಕರೆತರುವುದನ್ನೇ ನಿಲ್ಲಿಸಿದರು. ಒಂದು ವರ್ಷದ ಪಾಡಿನ ನಂತರ “ನೀರು” ಎಂದಿದ್ದ ಮಗು ಅದು. ನಾನು ಬಾಯಿಬಿಡಲಿಲ್ಲ. ಮನೆಯಲ್ಲಿ ನಿನ್ನೊಂದಿಗೂ ಮಾತು ಬಿಟ್ಟೆ. ಆ ಮೌನ ತಾಳದೆ ನೀನು ಹೊರಟುಹೋದೆ.

ನಿನ್ನೆ ಆ ತಾಯಿಯ ಮನೆಗೆ ಹೋಗಿದ್ದೆ. ಹೊಲಿಗೆಯಂತ್ರದಿಂದ ಎದ್ದು ಬಂದವರು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಎಲ್ಲ ಕೇಳಿದರು. “ನಾಲ್ಕು ತಿಂಗಳಿಂದ ನನ್ನನ್ನ ನಾನೇ ಶಪಿಸ್ಕೋತಿದೀನಿ. ಇವಳು ಮತ್ತೆ ಬರೀ ಕೈ ತೋರಿಸ್ತಾಳೆ, ಬಾಯೇ ಬಿಡಲ್ಲ. ನಿಮ್ಮ ಕ್ಷಮಾಪಣೆ ಇಟ್ಕೊಂಡು ನಾನೇನು ಮಾಡ್ಲಿ? ಹೋಗಿ ಮೇಡಂಗೆ ಹೇಳಿ,” ಅಂದರು. ಅವರ ಸೆರಗಿನ ಹಿಂದಿನಿಂದ ಮಗು ನನ್ನ ಚಪ್ಪಲಿಯನ್ನೇ ನೋಡುತ್ತಿತ್ತು. ನನಗೂ ಅಲ್ಲೇ ನೋಡಬೇಕಾಯಿತು.

ಕೇಂದ್ರಕ್ಕೆ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ನೀನು ಆ ದಿನಗಳಲ್ಲಿ ಬಳಸಿದ ಪಾಸ್‌ವರ್ಡ್‌ಗಳನ್ನೆಲ್ಲ ಬೇರೆ ಕಂಪ್ಯೂಟರಿನಿಂದ ಈಗಲೇ ಬದಲಿಸು. ಅವು ನನಗಷ್ಟೇ ಅಲ್ಲ, ಆ ಸ್ಪೈವೇರ್ ಮಾಡಿದವರಿಗೂ ಸಿಕ್ಕಿರಬೇಕು. ಡಿಸ್ಕನ್ನು ಅಳಿಸದೆ ಇಟ್ಟಿದ್ದೇನೆ. ಎಂದಾದರೂ ಬೀಗ ತೆರೆಯುವ ದಾರಿ ಸಿಗಬಹುದು, ಸಿಗದೆಯೂ ಹೋಗಬಹುದು.

ನನ್ನನ್ನು ಕ್ಷಮಿಸು ಎನ್ನುವ ಮುಖವಿಲ್ಲ. ಗುಬ್ಬಚ್ಚಿಯನ್ನು ಮಾತ್ರ ಕರೆಸಿಕೋ. ನೀನೇ ಕರೆದರೆ ಬರುತ್ತೇವೆ ಎಂದಿದ್ದಾರೆ.

ತಲೆತಗ್ಗಿಸಿ,
ನಿನ್ನ ಬಾಯಲ್ಲಿ ‘ಇವರು’ ಆಗಿದ್ದವನು

ಮರೆತದ್ದಲ್ಲ, ಬರೆಯಲು ಹೆದರಿದ್ದು: ಆ ಮೂರು ದಿನ ನೀನು ಟೈಪ್ ಮಾಡಿದ್ದನ್ನೆಲ್ಲ ಓದಿದೆ. ಎಲ್ಲವೂ ಮಕ್ಕಳ ವರದಿ. ಅಕ್ಕನಿಗೆ ಬರೆದ ಒಂದೇ ಸಾಲಿನಲ್ಲಿ ನಾನಿದ್ದೆ: “ಇವರು ಮುಂಗೋಪಿ ಇರಬಹುದು, ಆದ್ರೆ ಸುಳ್ಳು ಮಾತ್ರ ಹೇಳಲ್ಲ ಕಣೇ.” ಅದನ್ನು ಓದಿದ ಮರುದಿನವೇ ನಾನು “ಇದೇ ಇರಬೇಕು” ಅಂದದ್ದು.