ಅಮ್ಮನ ಕೋಣೆಯ ತೇವ

ಹದಿನಾಲ್ಕನೇ ತಾರೀಖು, ಬುಧವಾರ.

ಅಣಬೆ ಬೆಳೆಯಲು ಅಣ್ಣ ಸಾಮಾನೆಲ್ಲ ತಂದಿದ್ದಾನೆ: ಒಣಹುಲ್ಲು, ಪ್ಲಾಸ್ಟಿಕ್ ಚೀಲ, ಬೀಜದ ಪೊಟ್ಟಣ, ತೇವ ಅಳೆಯುವ ಮೀಟರು. ಮೀಟರನ್ನು ಅಮ್ಮನ ಕೋಣೆಯಲ್ಲಿಟ್ಟು ನೋಡಿ, "ಎಂಬತ್ತೈದು! ಹೇಳಿ ಮಾಡಿಸಿದ ಜಾಗ ಕಣೇ" ಎಂದು ಕುಣಿದಾಡಿದ. ಸಂಜೆಯೊಳಗೆ ಅಮ್ಮನ ಮಂಚ ಹಜಾರಕ್ಕೆ ಬಂತು. ಮೂರು ವರ್ಷದಿಂದ ಅವಳು ಕೆಮ್ಮುತ್ತ ಕೇಳಿಕೊಂಡರೂ ಆಗದಿದ್ದ ಕೆಲಸ.

"ಅಣಬೆಗೆ ಶೀತ ಬೇಕು ಅಂತ ಮೊದಲೇ ಹೇಳಬಾರದಿತ್ತೇನೋ? ನನ್ನ ಹಾಸಿಗೆ ಕೆಳಗೇ ಬೆಳೀತಿತ್ತು" ಎಂದಳು ಅಮ್ಮ.

ಅಣ್ಣ ನಕ್ಕ. ನಾನು ನಗಲಿಲ್ಲ, ಆದರೆ ಅವನನ್ನು ಬೈಯುವ ಬಾಯಿಯೂ ನನಗಿಲ್ಲ. ಅವಳು ತೇವ ಎಂದಾಗಲೆಲ್ಲ ಗೋಡೆಗೆ ಅಂಗೈ ಒತ್ತಿ, "ಒಣಗೇ ಇದೆಯಲ್ಲಮ್ಮ" ಎನ್ನುತ್ತಿದ್ದವಳು ನಾನು. ಈ ಮನೆಯಲ್ಲಿ ನಿಜವಾಗಿ ಒಣಗಿರುವ ಕೋಣೆ ಒಂದೇ. ಅದರಲ್ಲಿ ನನ್ನ ಪುಸ್ತಕಗಳಿವೆ.