ನೀಲವ್ವನ ಕಿವಿಯ ಯಂತ್ರ

ಮಗಳು ದಾನೇಶ್ವರಿಗೆ ಆಂಟಾಪ್ ಹಿಲ್‌ನಿಂದ ಭೀಮರಾಯ ಕಾಕಾನ ಆಶೀರ್ವಾದ.

ಮುಂಬೈಯ ಅರ್ಧ ವಕೀಲರಿಗೆ ಕಾಯಿದೆ ಕಲಿಸಿದವನು ನಾನೇ. ಆದರೂ ಗ್ರಾಹಕರ ಕೋರ್ಟಿನ ಅರ್ಜಿಯನ್ನು ನೀನೇ ಬರೆಯಬೇಕು.

ನಿನ್ನ ಕಾಕು ನೀಲವ್ವ ತೀರಿದ ಮೇಲೆ, ಅವಳ ಕಿವಿಯ ಯಂತ್ರ ಮೊದಲ ದಿನದಿಂದಲೇ ಕೆಟ್ಟಿತ್ತೆಂದು ವಡಾಲದ ಡಾಕ್ಟರು ಬರೆದುಕೊಟ್ಟರು. ಹಣ ವಾಪಸ್ ಕೇಳಿದರೆ, ಬಿಲ್ಲಿನಲ್ಲಿ ಹೆಸರಿದ್ದವರೇ ಫೋನಿನಲ್ಲಿ ಮಾತಾಡಬೇಕು ಎಂದರು ಅಂಗಡಿಯವರು. ನಾನೇ ನೀಲವ್ವನ ದನಿ ತೆಗೆದು ಮಾತಾಡಿದೆ.

“ಅಜ್ಜಿ, ಯಂತ್ರ ಹಾಕ್ಕೊಂಡ್ರ ಕೇಳಸ್ತೈತೇನ್ರಿ?” ಎಂದಳು ಅಲ್ಲಿಯ ಕನ್ನಡದ ಹುಡುಗಿ.

“ಏನೂ ಕೇಳಸವಲ್ದವಾ.”

“ಕೇಳಿದ್ದಕ್ಕ ಬರೋಬರಿ ಉತ್ತರ ಕೊಟ್ರಲ್ರಿ! ಯಂತ್ರ ಛಲೋ ಐತಿ.” ಫೋನಿಟ್ಟೇಬಿಟ್ಟಳು.

ನಾನೂ ನೀಲವ್ವನಿಗೆ ಇದನ್ನೇ ಹೇಳಿ, ನಾಟಕ ಮಾಡುತ್ತೀ ಎಂದು ಬೈಯುತ್ತಿದ್ದೆ. ಅವತ್ತು ನನ್ನ ಬಾಯಿಂದ ಬಂದ ಅವಳ ದನಿ ಇನ್ನೂ ಖೋಲಿ ಬಿಟ್ಟು ಹೋಗಿಲ್ಲ. ಟಿವಿ ಜೋರು ಮಾಡಿದರೂ ಕೇಳಿಸುತ್ತದೆ.

ನೀಲವ್ವ ಸುಳ್ಳು ಹೇಳಿರಲಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆ. ಯಂತ್ರಕ್ಕೆ ನಾಲ್ಕು ಸಾವಿರ, ನನ್ನ ಕಿಸೆಯಿಂದ ಕೊಟ್ಟೆ ಎಂದು ನಿಮಗೆಲ್ಲ ಹೇಳಿದ್ದೆ. ಕೊಟ್ಟದ್ದು ಮೂವತ್ತೆಂಟು ಸಾವಿರ. ಅಷ್ಟೂ ಅವಳು ಖಾನಾವಳಿಯಲ್ಲಿ ರೊಟ್ಟಿ ಬಡಿದು ಕೂಡಿಟ್ಟದ್ದು.

ನಿನ್ನ ಕಾಕಾ,
ಭೀಮರಾಯ