ತಳ ಕಪ್ಪಾದ ಟೊಮೆಟೊ

ಮನೆಯಿಂದ, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಕೆಮ್ಮು ಹೇಗಿದೆ? ಪ್ರಯೋಗಾಲಯದ ಆ ತಣ್ಣನೆಯ ಕೋಣೆಯಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೇ ಕೂರು. ನನ್ನ ಮಂಡಿ ಹೇಳಿದ ಮಾತು ಕೇಳುತ್ತಿಲ್ಲ. ನಿನ್ನಮ್ಮ ಚೆನ್ನಾಗಿದ್ದಾಳೆ, ಹಾಲಿನವನಿಗೆ ಹಾಗೆಂದು ಹೇಳಿದ್ದು ಕೇಳಿಸಿತು.

ಮಹಡಿಯ ಮೇಲಿನ ಟೊಮೆಟೊ ನನ್ನ ತಲೆ ಕೆಡಿಸಿದೆ. ಮೇಲಿನಿಂದ ನೋಡಿದರೆ ಕಾಯಿ ದುಂಡಗೆ ಲಕ್ಷಣವಾಗಿದೆ. ತಿರುಗಿಸಿದರೆ ತಳ ಕಪ್ಪಾಗಿ, ಒಣಚರ್ಮದಂತೆ ಒಳಕ್ಕೆ ಕುಸಿದಿದೆ. ಬೀಜದಂಗಡಿಯವನು ಕ್ಯಾಲ್ಸಿಯಂ ಕೊರತೆಯೆಂದು ಸುಣ್ಣದ ಪುಡಿ ಕೊಟ್ಟ. ಹಾಕಿದೆ. ಮೊಟ್ಟೆಯ ಚಿಪ್ಪನ್ನೂ ಕುಟ್ಟಿ ಹಾಕಿದೆ. ನಾನು ಕಳಿಸಿದ ಮಣ್ಣನ್ನು ನೀನು ಪರೀಕ್ಷಿಸಿ, 'ಬೇಕಾದಷ್ಟಿದೆ ಅಪ್ಪಾ, ಇನ್ನು ಸುರೀಬೇಡಿ' ಎಂದೆ. ಉಗ್ರಾಣ ತುಂಬಿದ್ದೂ ಹಂಚಿಕೆಯಲ್ಲಿ ಕೊರತೆ ಬೀಳುವುದನ್ನು ಕಚೇರಿಗಳಲ್ಲಿ ಕಂಡಿದ್ದೆ, ಗಿಡದಲ್ಲಿ ಕಂಡಿರಲಿಲ್ಲ.

ನೀನು ಫೋನಿನಲ್ಲಿ ಹೇಳಿದ್ದು ಅರ್ಧ ಅರ್ಥವಾಗಿದೆ. ಜೀವಕೋಶದ ಗೋಡೆಯಲ್ಲಿರುವ ಪೆಕ್ಟಿನ್ ಎಳೆಗಳನ್ನು ಕ್ಯಾಲ್ಸಿಯಂ ಬಿಗಿದು ಹಿಡಿಯುತ್ತದೆ. ಅದು ಸಾಲದಾದರೆ ಪೊರೆ ಸೋರಿ ಕೋಶ ಸಾಯುತ್ತದೆ. ಬೇರಿನಿಂದ ಅದು ನೀರಿನ ಜೊತೆಗೇ ಏರಬೇಕು. ಎಲೆಗಳು ಬಿಸಿಲಿಗೆ ಬೆವರುವುದರಿಂದ ನೀರೆಲ್ಲ ಅತ್ತ. ಬೆವರದ ಕಾಯಿಗೆ ಅಷ್ಟಿಷ್ಟು. ಎಲೆ ಸೇರಿದ್ದು ಮರಳಿ ಕಾಯಿಗೆ ಬರುವುದಿಲ್ಲ. ನೀರು ಒಂದು ದಿನ ಹೊಳೆ, ಇನ್ನೊಂದು ದಿನ ಸೊನ್ನೆ ಎಂದಾದರೆ ಮೊದಲು ಕೆಡುವುದು ತಳ. ದಿನಾ ಹದವಾಗಿ ನೀರು ಹಾಕುತ್ತೀರಾ ಎಂದು ನೀನು ಕೇಳಿದಾಗ ಹೌದೆಂದೆ. ನಿನ್ನಮ್ಮನೂ ಹೌದೆಂದಳಂತೆ. ಹಾಗಾದರೆ ಕಾಯಿ ಏಕೆ ಕೆಟ್ಟಿತು?

ಎದುರುಮನೆಯವರು ಕುಡಿಯುವ ನೀರಿನಲ್ಲಿ ಕಾರು ತೊಳೆಯುತ್ತಾರೆಂದು ನಾನು ಪತ್ರಿಕೆಗೆ ಬರೆದದ್ದು, ಆ ಮನೆಯಾಕೆ ನಿನ್ನಮ್ಮನ ಗೆಳತಿಯಾದ್ದರಿಂದ ಇವಳು ನನ್ನೊಡನೆ ಮಾತು ಬಿಟ್ಟದ್ದು ನಿನಗೆ ಗೊತ್ತು. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇದೇ ಬೀದಿ ಬಿಂದಿಗೆ ಸಾಲಿಟ್ಟು ಟ್ಯಾಂಕರಿಗೆ ಕಾದದ್ದು ನನಗೊಬ್ಬನಿಗೇ ನೆನಪಿದ್ದರೆ ಅದು ನನ್ನ ತಪ್ಪೇ? ಮಾತಿಲ್ಲವೆಂದ ಮೇಲೆ ಗಿಡಕ್ಕೆ ನೀರು ಹಾಕಿದೆಯಾ ಎಂದು ಕೇಳುವಂತಿಲ್ಲ. ಹಾಕಿರಲಿಕ್ಕಿಲ್ಲವೆಂದು ಒಂದು ದಿನ ಸುರಿಯುತ್ತೇನೆ, ಹಾಕಿರಬಹುದೆಂದು ಇನ್ನೊಂದು ದಿನ ಬಿಡುತ್ತೇನೆ. ಅವಳೂ ಹಾಗೇ ಎಣಿಸುತ್ತಾಳೇನೋ. ನಮ್ಮಿಬ್ಬರ ಜಗಳ ಕಾಯಿಯ ತಳದವರೆಗೆ ಇಳಿಯುತ್ತದೆಂದರೆ ನಂಬುವುದು ಹೇಗೆ?

ನಿನ್ನ ಕೆಮ್ಮೊಂದನ್ನು ಬಿಟ್ಟು ಎಲ್ಲವೂ ಏಳಿಗೆ ಹೊಂದಲಿ.

ನಿನ್ನ ಅಪ್ಪ

ಮರೆಯುವ ಮುನ್ನ: ಲಕೋಟೆ ಅಂಟಿಸುವ ಮೊದಲು ಬಕೆಟ್ ಹಿಡಿದು ಮಹಡಿ ಹತ್ತುತ್ತಿದ್ದೆ. ನಿನ್ನಮ್ಮ ಖಾಲಿ ಬಕೆಟ್ ಹಿಡಿದು ಇಳಿದು ಬಂದಳು. ಗೋಡೆ ನೋಡುತ್ತ, 'ಆಗ್ಲೇ ಹಾಕಾಯ್ತು. ಈ ಮಂಡಿ ಇಟ್ಕೊಂಡು ಯಾಕೆ ಹತ್ತಬೇಕೋ' ಎಂದಳು. ಗೋಡೆಗೆ ಮಂಡಿ ಇಲ್ಲ. ಇದನ್ನು ಮಾತು ಎಂದು ಹಿಡಿಯಬಹುದೇ? ಅವಳನ್ನು ಕೇಳಿ ಬೇಗ ತಿಳಿಸು. ನನ್ನ ತುಂಬಿದ ಬಕೆಟ್ ಇನ್ನೂ ಮೆಟ್ಟಿಲ ಮೇಲೇ ಇದೆ.